ಸರ್ಫ್‌ಬೋರ್ಡ್ ಬಿರುಕಿಗೆ ಅಂಟು-ಸೋಡಾ: ಅದೇ ಮದ್ದು ನಮ್ಮ ಸಿಂಟೆಕ್ಸ್‌ಗೂ ಆಗುತ್ತದೆಯೇ?

ಕಡಲ ದಂಡೆಯಲ್ಲಿ ಒಬ್ಬ ಹುಡುಗ ಕೂತಿದ್ದಾನೆ. ಮುಂದೆ ಉದ್ದನೆಯ ಬಿಳಿ ಹಲಗೆ, ಅದರ ಅಂಚಿನಲ್ಲೊಂದು ಬಿರುಕು. ಬಿರುಕಿಗೆ ಚಿಟಿಕೆ ಅಡುಗೆ ಸೋಡಾ ಉದುರಿಸುತ್ತಾನೆ, ಮೇಲೆ ಫೆವಿಕ್ವಿಕ್ ತರಹದ ಅಂಟಿನ ನಾಲ್ಕು ಹನಿ ಬಿಡುತ್ತಾನೆ. ನೋಡನೋಡುತ್ತಲೇ ಕಲ್ಲಿನಂತೆ ಗಟ್ಟಿ! ಉಜ್ಜಿ ನಯ ಮಾಡಿ, ಹಲಗೆ ಎತ್ತಿಕೊಂಡು ಅಲೆಗಿಳಿಯುತ್ತಾನೆ. ಇಂಥ ವಿಡಿಯೊಗಳು ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುವಷ್ಟರಲ್ಲಿ ಅದಕ್ಕೊಂದು ಬಾಲ ಸೇರಿರುತ್ತದೆ. ಸಿಂಟೆಕ್ಸ್, ಬ್ಯಾರಲ್, ಕೊಡ, ಪೈಪು, ಯಾವುದು ಒಡೆದರೂ ಇದೊಂದೇ ಮದ್ದು ಎಂಬ ಬಾಲ.

ನವಲಗುಂದ, ಅಣ್ಣಿಗೇರಿ ಕಡೆಯ ಓದುಗರಿಗೆ ಇದು ತಮಾಷೆಯ ವಿಷಯವಲ್ಲ. ಅಲ್ಲಿನ ಹಲವು ಹಳ್ಳಿಗಳಲ್ಲಿ ಬೋರಿನ ನೀರು ಸವಳು. ಕುಡಿಯಲು ಕೆರೆ ನೀರೋ ನಳದ ನೀರೋ ಬೇಕು, ಬಂದ ದಿನ ತುಂಬಿಟ್ಟುಕೊಳ್ಳಬೇಕು. ಟ್ಯಾಂಕ್ ಸೀಳಿತೆಂದರೆ ಮುಂದಿನ ಸರದಿಯವರೆಗಿನ ನೀರು ಹೋಯಿತು ಎಂದೇ ಲೆಕ್ಕ. ಅದಕ್ಕೇ ಈ ವಿಡಿಯೊವನ್ನು ಸ್ವಲ್ಪ ಬಿಡಿಸಿ ನೋಡಿದೆವು. ಚಿಕ್ಕ ಉತ್ತರ ಇಷ್ಟು: ಹಲಗೆಯ ಮಟ್ಟಿಗೆ ಅದು ಅರ್ಧ ನಿಜ, ಟ್ಯಾಂಕಿನ ಮಟ್ಟಿಗೆ ಸುಳ್ಳು. ಜೊತೆಗೆ ವಿಡಿಯೊ ಹೇಳದ ಒಂದು ಅಪಾಯವೂ ಇದೆ. ಅದಕ್ಕೂ ಹತ್ತಿಗೂ ನಂಟು.

ಆ ಹಲಗೆ ಯಾವುದರದ್ದು?

ಧಾರವಾಡ ಜಿಲ್ಲೆಗೆ ಕಡಲಿಲ್ಲ, ಆದರೆ ಸರ್ಫಿಂಗ್ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮಂಗಳೂರು ಬಳಿಯ ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಅಲ್ಲೇ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು.

ಹೆಚ್ಚಿನ ಸರ್ಫ್‌ಬೋರ್ಡುಗಳ ಒಳಗಿರುವುದು ಮರವಲ್ಲ, ಫೋಮ್. ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟುದ್ರವ ಕುಡಿಸಿ ಗಟ್ಟಿ ಮಾಡಿರುತ್ತಾರೆ. ಈ ಗಟ್ಟಿ ಚಿಪ್ಪನ್ನೇ ನಾವು ಊರಲ್ಲಿ ಫೈಬರ್ ಎನ್ನುವುದು. ಚಿಪ್ಪಿಗೆ ಕಲ್ಲು ತಾಗಿ ಚಿಕ್ಕ ಬಿರುಕು ಬಿಟ್ಟರೂ ಒಳಗಿನ ಫೋಮ್ ನೀರು ಎಳೆದುಕೊಳ್ಳುತ್ತದೆ, ಹಲಗೆ ಭಾರವಾಗುತ್ತದೆ, ದಿನ ಕಳೆದಂತೆ ಚಿಪ್ಪು ಫೋಮಿನಿಂದ ಬಿಟ್ಟುಕೊಳ್ಳುತ್ತದೆ.

ಹಾಗಾಗಿ ರಿಪೇರಿಯ ಮೊದಲ ಕೆಲಸ ಅಂಟು ಹಾಕುವುದಲ್ಲ, ಒಣಗಿಸುವುದು. ಹಲಗೆಯನ್ನು ಸಿಹಿನೀರಿನಲ್ಲಿ ತೊಳೆದು, ಬಿರುಕು ಕೆಳಮುಖವಾಗುವಂತೆ ನೆರಳಲ್ಲಿ ನಿಲ್ಲಿಸಬೇಕು. ಒಂದೆರಡು ದಿನ ಬೇಕಾದೀತು, ನೀರು ಹೆಚ್ಚು ಕುಡಿದಿದ್ದರೆ ಇನ್ನೂ ಹೆಚ್ಚು. ಬೇಗ ಒಣಗಲಿ ಎಂದು ಸುಡು ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಚಿಪ್ಪೇ ಉಬ್ಬಬಹುದು. ಒಣಗಿದ ಮೇಲೆ ಸಡಿಲ ಚೂರು ತೆಗೆದು, ಬಿರುಕಿನ ಸುತ್ತ ಒರಟು ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ನುಣುಪು ಮೈಗಿಂತ ಗೀಚಿದ ಮೈಗೆ ರೆಸಿನ್ ಚೆನ್ನಾಗಿ ಕಚ್ಚುತ್ತದೆ. ನಮ್ಮ ಮೇಸ್ತ್ರಿಗಳು ಹಳೇ ಗೋಡೆಗೆ ಹೊಸ ಗಿಲಾವು ಮಾಡುವ ಮುಂಚೆ ಕಚ್ಚು ಹಾಕುವುದು ಇದೇ ಕಾರಣಕ್ಕೆ. ಆಮೇಲೆ ತಗ್ಗಿಗೆ ರೆಸಿನ್ ತುಂಬಿ, ಅದರ ಮೇಲೆ ಬಿರುಕಿಗಿಂತ ತುಸು ದೊಡ್ಡದಾದ ಗಾಜಿನ ಬಟ್ಟೆಯ ತುಂಡು ಕೂರಿಸಿ, ಮತ್ತೆ ರೆಸಿನ್ ಬಳಿದು, ಗಟ್ಟಿಯಾದ ಮೇಲೆ ನಯವಾಗಿ ಉಜ್ಜುತ್ತಾರೆ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ರೆಸಿನ್ ಎಲ್ಲವೂ ಒಂದೇ ಅಲ್ಲ. ಕೆಲವು ಹಲಗೆಗಳ ಒಳಗಿರುವುದು ಥರ್ಮಾಕೋಲ್ ಜಾತಿಯ ಫೋಮ್. ಅದಕ್ಕೆ ಅಗ್ಗದ ಪಾಲಿಯೆಸ್ಟರ್ ರೆಸಿನ್ ತಾಗಿದರೆ, ಪೆಟ್ರೋಲಿಗೆ ಬಿದ್ದ ಥರ್ಮಾಕೋಲಿನಂತೆ ಕರಗಿ ಕುಳಿ ಬೀಳುತ್ತದೆ. ಅಂಥ ಹಲಗೆಗೆ ಎಪಾಕ್ಸಿ ರೆಸಿನ್ನೇ ಬೇಕು.

ಸೋಡಾ ಹಾಕಿದರೆ ಏನಾಗುತ್ತದೆ?

ಸೂಪರ್ ಗ್ಲೂ ಎಂದರೆ ಸಯನೋಆ್ಯಕ್ರಿಲೇಟ್ ಎಂಬ ರಾಸಾಯನಿಕ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಬದಿಗಿಟ್ಟರು. ಅಂಟಾಗಿಯೇ ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯ ಪಸೆ ತಾಗಿದರೆ ಸಾಕು, ಇದರ ಅಣುಗಳು ಸರಪಳಿಯಂತೆ ಕೂಡಿಕೊಂಡು ಗಟ್ಟಿಯಾಗುತ್ತವೆ. ಸೋಡಾ ಕ್ಷಾರ, ಆದ್ದರಿಂದ ಈ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಜೊತೆಗೆ ಸೋಡಾದ ಕಣಗಳು ಸಂದಿಯನ್ನೂ ತುಂಬುತ್ತವೆ. ಅಂದರೆ ವಿಡಿಯೊದಲ್ಲಿ ಕಾಣುವ ಚಮತ್ಕಾರ ಸುಳ್ಳಲ್ಲ.

ಆದರೆ ಹಾಗೆ ಆಗುವ ಗಡ್ಡೆ ಗಾಜಿನಷ್ಟೇ ಪೆಡಸು, ಬಗ್ಗುವುದಿಲ್ಲ. ಸರ್ಫ್‌ಬೋರ್ಡ್ ಪ್ರತಿ ಅಲೆಗೂ ಬಗ್ಗುತ್ತದೆ. ಕೂದಲೆಳೆ ಬಿರುಕಿಗೆ ಆ ದಿನದ ಮಟ್ಟಿಗೆ ತಡೆ ಹಾಕಲು ಇದು ಸಾಕು, ನಿಜವಾದ ರಿಪೇರಿ ಅಲ್ಲ. ಹಲಗೆ ಒಣಗಿಸದೆ ಮುಚ್ಚಿದರಂತೂ ಒಳಗಿನ ನೀರಿಗೆ ಬಾಗಿಲು ಹಾಕಿದಂತೆ.

ಟ್ಯಾಂಕಿಗೆ ಏಕೆ ಹಿಡಿಯುವುದಿಲ್ಲ?

ಇದನ್ನು ಕುಂದಗೋಳ, ನವಲಗುಂದದ ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ, ಅವರ ಹೊಲದಲ್ಲೇ ಉತ್ತರ ಇದೆ. ಪಿವಿಸಿ ಪೈಪು ಜೋಡಿಸುವಾಗ ಸಲ್ಯೂಷನ್ ಹಚ್ಚಿ ತುರುಕುತ್ತೀರಿ. ಅದೇ ಸ್ಪ್ರಿಂಕ್ಲರ್‌ನ ಕಪ್ಪು ಪೈಪಿಗೆ ಸಲ್ಯೂಷನ್ ಹಚ್ಚುತ್ತೀರಾ? ಇಲ್ಲ, ಕಪ್ಲರ್ ಹಾಕುತ್ತೀರಿ, ಇಲ್ಲವೇ ಕಾಯಿಸಿ ಬೆಸೆಯುತ್ತೀರಿ. ಆ ಕಪ್ಪು ಪೈಪು ಪಾಲಿಎಥಿಲೀನ್. ಯಾವ ಕಂಪನಿಯದಾದರೂ ನಾವು ಸಿಂಟೆಕ್ಸ್ ಎಂದೇ ಕರೆಯುವ ನೀರಿನ ಟ್ಯಾಂಕ್ ಸಾಮಾನ್ಯವಾಗಿ ಅದೇ ಪಾಲಿಎಥಿಲೀನ್, ನೀಲಿ ಬ್ಯಾರಲ್ಲೂ ಅದೇ ಕುಲ. ಇದರ ಮೈ ಒಂಥರಾ ಮೇಣದಂತೆ, ಅಂಟು ಅದರ ಮೇಲೆ ಹರಡದೆ ಕೆಸುವಿನ ಎಲೆ ಮೇಲಿನ ನೀರಿನಂತೆ ನಿಲ್ಲುತ್ತದೆ. ಸೂಪರ್ ಗ್ಲೂ ತುಂಬುವ ಪ್ಲಾಸ್ಟಿಕ್ ಬಾಟಲಿಗಳನ್ನು ಪಾಲಿಎಥಿಲೀನ್‌ನಲ್ಲೇ ಮಾಡುವುದು ವಾಡಿಕೆ ಎಂದರೆ ನಿಮಗೆ ನಗು ಬರಬಹುದು. ಅಂಟು ಹಿಡಿಯುವುದಿಲ್ಲ ಎಂದೇ ಅದನ್ನು ಆರಿಸುತ್ತಾರೆ.

ನಮ್ಮನೆಯಲ್ಲಿ ಎಂ-ಸೀಲ್ ಮೆತ್ತಿದ್ದೆವು, ಎರಡು ತಿಂಗಳು ನಿಂತಿತ್ತು ಎನ್ನುವವರಿದ್ದಾರೆ. ನಿಲ್ಲಬಹುದು, ಬಿರಡೆಯಂತೆ ಸಂದಿಯಲ್ಲಿ ಸಿಕ್ಕಿಕೊಂಡು. ಆದರೆ ಟ್ಯಾಂಕ್ ತುಂಬಿದಾಗ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಬೇಸಿಗೆಯ ಹಗಲಲ್ಲಿ ಹಿಗ್ಗಿ ರಾತ್ರಿ ಇಳಿಯುತ್ತದೆ. ಮೆತ್ತಿದ ಗಡ್ಡೆಗೆ ಈ ಉಸಿರಾಟ ಗೊತ್ತಿಲ್ಲ, ಅಂಚಿನಿಂದ ಎದ್ದು ಬರುತ್ತದೆ. 1000 ಲೀಟರ್ ಎಂದರೆ 1000 ಕೆಜಿ ನೀರು ಎಂಬುದನ್ನೂ ನೆನಪಿಡಿ. ಮಾಳಿಗೆ ಮೇಲಿನ ಟ್ಯಾಂಕಿನ ಬುಡದಲ್ಲಿ ಸೀಳು ಕಂಡರೆ ಅಂಟಿನ ನಂಬಿಕೆಯಲ್ಲಿ ಪೂರ್ತಿ ತುಂಬಿಸಬೇಡಿ. ಅಂಟನ್ನು ಕುಡಿಯುವ ನೀರು ತಾಗುವ ಒಳಮೈಗಂತೂ ಹಚ್ಚಲೇಬೇಡಿ, ಮನೆಬಳಕೆಯ ಈ ಅಂಟುಗಳನ್ನು ಅದಕ್ಕಾಗಿ ಮಾಡಿರುವುದಿಲ್ಲ.

ಪಾಲಿಎಥಿಲೀನ್ ಟ್ಯಾಂಕಿಗೆ ಸರಿಯಾದ ರಿಪೇರಿ ಬೆಸುಗೆ. ನೀರು ಖಾಲಿ ಮಾಡಿ ಒಣಗಿಸಿ, ಸೀಳು ಮುಂದಕ್ಕೆ ಓಡದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು, ಬಿಸಿಗಾಳಿಯ ಗನ್ನಿನಿಂದ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಕೂಡಿಸುತ್ತಾರೆ. ಕೈ ಪಳಗಿದವರ ಕೆಲಸ ಇದು. ಟ್ಯಾಂಕ್ ಬಿಸಿಲಿಗೆ ಹಳತಾಗಿ, ಕೈಯಾಡಿಸಿದರೆ ಪುಡಿ ಬರುವಂತಿದ್ದರೆ ಬೆಸುಗೆಯೂ ಬಹಳ ದಿನ ಬಾಳುವುದಿಲ್ಲ, ಹಣ ಹೊಸ ಟ್ಯಾಂಕಿಗೇ ಉಳಿಸಿ. ಕೊಳ್ಳುವಾಗ ಐಎಸ್ 12701 ಎಂಬ ಗುರುತು ಇದೆಯೇ ನೋಡಿ.

ಯಾವುದು ಫೈಬರ್, ಯಾವುದು ಪ್ಲಾಸ್ಟಿಕ್?

ಒಡೆದ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಸೋಪು ಹಚ್ಚಿ ಗುಳ್ಳೆ ಕೂರದಂತೆ ಮಾಡಿ, ನೀರಿನ ಲೋಟದಲ್ಲಿ ಅದ್ದಿ ಬಿಡಿ. ಮೇಲಕ್ಕೆ ತೇಲಿದರೆ ಪಾಲಿಎಥಿಲೀನ್ ಅಥವಾ ಅದರ ಅಣ್ಣತಮ್ಮ ಪಾಲಿಪ್ರೊಪಿಲೀನ್, ಅಂಟಿನ ಆಸೆ ಬಿಡಿ. ಮುಳುಗಿ, ಅಂಚಿನಲ್ಲಿ ಗಾಜಿನ ಎಳೆಗಳು ಕಂಡರೆ ಅದು ಫೈಬರ್, ಸರ್ಫ್‌ಬೋರ್ಡಿನ ಸಂಬಂಧಿಕ. ಟ್ರ್ಯಾಕ್ಟರಿನ ಫೈಬರ್ ಟಾಪ್, ಶೆಡ್ಡಿನ ಫೈಬರ್ ಶೀಟು, ಕೆಲವು ಗೋಬರ್ ಗ್ಯಾಸಿನ ಫೈಬರ್ ಗುಮ್ಮಟ, ಇವಕ್ಕೆ ಮೂಲ್ಕಿಯ ಹಲಗೆಗೆ ಹೇಳಿದ ಕ್ರಮವೇ ಸರಿ: ಒಣಗಿಸು, ಉಜ್ಜು, ಗಾಜಿನ ಬಟ್ಟೆ, ರೆಸಿನ್. ಗೋಬರ್ ಗ್ಯಾಸಿನ ಗುಮ್ಮಟಕ್ಕೆ ಮಾತ್ರ ನೀವೇ ಕೈ ಹಾಕಬೇಡಿ. ಬಿರುಕಿನಿಂದ ಸೋರುವುದು ಮೀಥೇನ್, ಒಂದು ಕಿಡಿ ಸಾಕು.

ಪಾಲಿಯೆಸ್ಟರ್ ರೆಸಿನ್ ಜೊತೆ ಅಂಗಡಿಯಲ್ಲಿ ಎರಡು ಚಿಕ್ಕ ಬಾಟಲಿ ಕೊಡುವುದುಂಟು: ನೇರಳೆ ಬಣ್ಣದ ಆಕ್ಸಿಲರೇಟರ್, ನೀರಿನಂತೆ ಕಾಣುವ ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಮೊದಲು ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಇನ್ನೊಂದು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು, ಹಾಗಾಗಿ ಕನ್ನಡಕ, ಕೈಗವಸು ಬೇಕು. ಅದನ್ನು ಕುಡಿಯುವ ನೀರಿನ ಹಳೇ ಬಾಟಲಿಗೆ ಸುರಿದಿಡುವ ಅಭ್ಯಾಸವಂತೂ ಬೇಡವೇ ಬೇಡ. ಕೆಲಸ ಬಯಲಲ್ಲಿ ಮಾಡಿ, ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಗಾಜಿನ ದೂಳು ಮೈಗೆ ತಾಗಿದರೆ ಬಹಳ ಹೊತ್ತು ತುರಿಕೆ.

ಹತ್ತಿಯ ಅಪಾಯ

ಅಂಟು ಕೈಗೆ ಚೆಲ್ಲಿದಾಗ ಮೊದಲು ಸಿಗುವುದೇ ಹತ್ತಿ, ಇಲ್ಲವೇ ಹಳೇ ಬನಿಯನ್ನು. ಅದರಿಂದ ಒರೆಸಬೇಡಿ. ಸೂಪರ್ ಗ್ಲೂ ಹತ್ತಿಯ ಎಳೆಗಳ ಮೇಲೆ ಹರಡಿದಾಗ ತುಂಬಾ ವೇಗವಾಗಿ ಗಟ್ಟಿಯಾಗುತ್ತದೆ, ಆಗ ಹೊರಬರುವ ಬಿಸಿಗೆ ಹೊಗೆ ಏಳುತ್ತದೆ, ಚರ್ಮ ಸುಡುತ್ತದೆ. ಮಕ್ಕಳ ಬಟ್ಟೆಯ ಮೇಲೆ ಅಂಟು ಚೆಲ್ಲಿ ಸುಟ್ಟಗಾಯವಾದ ಪ್ರಕರಣಗಳು ವೈದ್ಯರ ವರದಿಗಳಲ್ಲಿವೆ. ಹತ್ತಿ ಬಟ್ಟೆಗೆ ಚೆಲ್ಲಿದರೆ ತಕ್ಷಣ ಬಟ್ಟೆಯನ್ನು ಮೈಯಿಂದ ದೂರ ಹಿಡಿದು ತಣ್ಣೀರು ಸುರಿಯಿರಿ. ಬಟ್ಟೆ ಆಗಲೇ ಚರ್ಮಕ್ಕೆ ಅಂಟಿದ್ದರೆ ಕಿತ್ತೆಳೆಯದೆ, ಮೇಲಿಂದಲೇ ನೀರು ಬಿಡುತ್ತಾ ಆಸ್ಪತ್ರೆಗೆ ಹೋಗಿ.

ಬೆರಳು ಬೆರಳಿಗೆ ಅಂಟಿಕೊಂಡರೆ ಎಳೆದು ಬಿಡಿಸಬೇಡಿ, ಚರ್ಮವೇ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ, ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಕಣ್ಣಿಗೆ ಬಿದ್ದು ರೆಪ್ಪೆ ಅಂಟಿದರೆ ಬಲವಂತದಿಂದ ತೆರೆಯಬೇಡಿ, ನೀರಿನಿಂದ ತೊಳೆದು, ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಕಣ್ಣಿನ ವೈದ್ಯರ ಬಳಿ ಹೋಗಿ.