ವಾಸಿಯಾದ ಮೇಲೆ ಬರುವ ನೋವು
ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಬೆಟ್ಟವೇರುವ ಭಕ್ತಕುಟುಂಬಗಳಲ್ಲಿ ನಾವೊಂದು ಮಾತನ್ನು ನಿವೇದಿಸಬಯಸುತ್ತೇವೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ತರುಣರು ಅಸುನೀಗಿದರು; ಇತರರು ಗಾಯಗೊಂಡರು. ಮಡಿದವರಿಗಾಗಿ ನಾಡು ಮರುಗುವುದು ಸಹಜ. ಇಂಥ ಅವಘಡಗಳಲ್ಲಿ ಬದುಕುಳಿದವರ ಮುಂದಿನ ದಿನಗಳನ್ನು ವಿಚಾರಿಸುವವರು ವಿರಳ.

ಸಾವಿರ ವೋಲ್ಟ್ ಮೀರಿದ ವಿದ್ಯುತ್ತು ಹಾಯ್ದಾಗ ಚರ್ಮದ ಗಾಯ ಕಿರಿದಾಗಿದ್ದರೂ ಒಳಗಿನ ನರಗಳು, ಬೆನ್ನುಹುರಿ ನೊಂದಿರಬಹುದು. ಗಾಯ ಮಾಗಿ ವಾರಗಳೋ ತಿಂಗಳುಗಳೋ, ಅಪರೂಪಕ್ಕೆ ವರ್ಷಗಳೋ ಕಳೆದ ಮೇಲೆ ಕಾಲು ಬಿಗಿಯುವುದು, ನಡಿಗೆ ತೊಡರುವುದು, ಮರೆವು ಕವಿಯುವುದುಂಟು. ಸ್ಕ್ಯಾನಿನಲ್ಲಿ ದೋಷ ಕಾಣದೆಯೂ ಇರಬಹುದು. ಆಗ ಮನೆಯವರೇ ‘ಮೈಗಳ್ಳ’ ಎಂದುಬಿಡುತ್ತಾರೆ! ಕಾಯಕವನ್ನೇ ಪೂಜೆಯೆಂದು ಬಗೆದ ನಮ್ಮ ಮನೆಗಳಲ್ಲಿ ಆ ಮಾತು ಇನ್ನಷ್ಟು ಇರಿಯುತ್ತದೆ. ಹರಕೆ ಹೊರುವುದಾದರೆ ಹೊರಿರಿ. ಆದರೆ ಹಳೆಯ ಆಘಾತದ ಸಂಗತಿಯನ್ನು ಮರೆಮಾಚದೆ ನರರೋಗ ತಜ್ಞರಿಗೆ ಮೊದಲು ತಿಳಿಸಿರಿ.