ಆಟದ ನಾಯಕನೂ ಅವನ ಸಂಗಡಿಗರೂ

ಕಳೆದ ಬೇಸಗೆಯ ಒಂದು ರಾತ್ರಿ, ಊಟ ಮುಗಿಸಿ ನಾವು ನಡುಮನೆಗೆ ಬಂದಾಗ, ನಮ್ಮ ಕಿರಿಯ ಮಗನು ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದನು. ಕಾರಣವನ್ನು ಕೇಳಲಾಗಿ, "ಅಪ್ಪಾ, ಅಲಿಸ್ಟರ್ ನನ್ನನ್ನು ಬಿಟ್ಟು ಹೊರಟುಹೋದ" ಎಂದನು. ಯಾರೋ ಸಹಪಾಠಿಯ ಮಾತಾಗಿರಬಹುದೆಂದು ನಾವು ಸಮಾಧಾನ ಹೇಳಹೊರಟೆವು. ವಿಚಾರಿಸಿದ ಮೇಲೆ ತಿಳಿದುಬಂದುದೇನೆಂದರೆ, ಅಲಿಸ್ಟರನು ವಿಡಿಯೋ ಆಟವೊಂದರಲ್ಲಿ ಬರುವ ಪಾತ್ರ. ನಮಗೆ ನಗು ಬಂದಿತು. ಮಗನು ನಗಲಿಲ್ಲ. "ಅವನಿಗೆ ಎಷ್ಟು ಉಡುಗೊರೆ ಕೊಟ್ಟಿದ್ದೆ! ಅವನ ಲೆಕ್ಕದಲ್ಲಿ ನನಗೆ ನೂರಕ್ಕೆ ನೂರು ಅಂಕವಿತ್ತು. ಆದರೂ ಹೋದ" ಎಂದು ಪೇಚಾಡಿದನು.

ನೂರು ಅಂಕ ಬಂದೂ ನಪಾಸಾದ ವಿದ್ಯಾರ್ಥಿಯನ್ನು ನಾವು ನಮ್ಮ ಉಪಾಧ್ಯಾಯವೃತ್ತಿಯಲ್ಲಿ ಎಂದೂ ಕಂಡವರಲ್ಲ. ಆದಕಾರಣ ಕುತೂಹಲ ಹುಟ್ಟಿ, ಮುಂದಿನ ಹಲವು ರಾತ್ರಿ ಮಗನ ಬದಿಯಲ್ಲಿ ಕುಳಿತು ಆ ಆಟವನ್ನು ಮೊದಲಿನಿಂದ ನೋಡಿದೆವು. ಅದರ ಸಾರವು ಮಕ್ಕಳುಳ್ಳ ಗೃಹಸ್ಥರಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಆಟದ ಹೆಸರು 'ಡ್ರ್ಯಾಗನ್ ಏಜ್: ಒರಿಜಿನ್ಸ್'. ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಎಂಬ ಸಂಸ್ಥೆಯವರು ಇದನ್ನು 2009ನೆಯ ಇಸವಿಯಲ್ಲಿ ಹೊರತಂದರು. ಫೆರೆಲ್ಡನ್ ಎಂಬ ಕಲ್ಪಿತ ರಾಜ್ಯದ ಮೇಲೆ ನೆಲದಡಿಯಿಂದ ರಾಕ್ಷಸಸೇನೆಯೊಂದು ಎದ್ದುಬರುತ್ತದೆ. ಅದನ್ನು ತಡೆಯುವುದಕ್ಕೆಂದೇ ಪ್ರತಿಜ್ಞೆ ತೊಟ್ಟ 'ಗ್ರೇ ವಾರ್ಡನ್' ಎಂಬ ಯೋಧರ ಪಂಥವೊಂದುಂಟು. ಆಡುವವನು ಈ ಪಂಥಕ್ಕೆ ಹೊಸದಾಗಿ ಸೇರಿದವನು. ಒಸ್ಟಗಾರಿನ ಯುದ್ಧದಲ್ಲಿ ಸೇನಾಪತಿ ಲೊಗೇನನು ಸಮಯಕ್ಕೆ ಕೈಕೊಟ್ಟು ತನ್ನ ಸೈನ್ಯವನ್ನು ಹಿಂದೆಗೆಯಲು, ರಾಜನೂ ಆ ನಾಡಿನ ವಾರ್ಡನರ ಮುಖ್ಯಸ್ಥನಾದ ಡಂಕನನೂ ಹತರಾಗುತ್ತಾರೆ. ಅಲ್ಲಿಂದ ಬದುಕಿ ಬಂದ ವಾರ್ಡನರು ಇಬ್ಬರೇ: ಆಟದ ನಾಯಕ ಮತ್ತು ಅಲಿಸ್ಟರ್. ಅಲಿಸ್ಟರನು ಪಂಥಕ್ಕೆ ಮೊದಲು ಸೇರಿದವನಾದರೂ ಮುಂದಾಳುತನವನ್ನು ಹೊಸಬನಿಗೇ ಬಿಟ್ಟುಕೊಡುತ್ತಾನೆ. ಹೀಗೆ ಪದವಿಯೇನೋ ಪುಕ್ಕಟೆಯಾಗಿ ದೊರೆಯಿತು. ಗೌರವವೂ ದೊರೆಯಿತೆ? ನಮ್ಮ ವಿಚಾರವೆಲ್ಲ ಈ ಪ್ರಶ್ನೆಯನ್ನು ಕುರಿತದ್ದು.

ದಾರಿಯುದ್ದಕ್ಕೂ ಕೂಡಿಕೊಳ್ಳುವ ಸಂಗಡಿಗರು ಒಬ್ಬೊಬ್ಬರೂ ಒಂದೊಂದು ಬಗೆ. ನಾಯಕನ ವಿಷಯದಲ್ಲಿ ಪ್ರತಿಯೊಬ್ಬರ ಮನಸ್ಸು ಹೇಗಿದೆಯೆಂಬುದನ್ನು ಆಟವು ಅಂಕಗಳಿಂದ ತೋರಿಸುತ್ತದೆ. ಸೊನ್ನೆಯಿಂದ ಮೇಲಕ್ಕೆ 100, ಕೆಳಕ್ಕೆ 100. ಈ ಅಂಕವನ್ನು ಏರಿಸುವ ಮಾರ್ಗಗಳನ್ನು ಕಂಡಾಗ ನಮಗೆ ನೀತಿಶಾಸ್ತ್ರದ ಸಾಮದಾನಾದಿ ಉಪಾಯಗಳು ನೆನಪಿಗೆ ಬಂದವು.

ಅವುಗಳಲ್ಲಿ ದಾನವು ಎಲ್ಲಕ್ಕಿಂತ ಸುಲಭ. ಸಿಕ್ಕಿದ ವಸ್ತುಗಳನ್ನು ಸಂಗಡಿಗರಿಗೆ ಕೊಡುತ್ತ ಬಂದರೆ ಅಂಕವು ತಾನಾಗಿ ಏರುತ್ತದೆ. ಆದರೆ ಆಟವನ್ನು ರಚಿಸಿದವರು ಇಲ್ಲೊಂದು ಮರ್ಮವನ್ನು ಇರಿಸಿದ್ದಾರೆ. ಒಬ್ಬನಿಗೆ ಕೊಡುತ್ತ ಹೋದ ಹಾಗೆಲ್ಲ ಉಡುಗೊರೆಯ ಫಲವು ಇಳಿಯುತ್ತ ಹೋಗುತ್ತದೆ. ಅಲಿಸ್ಟರನು ಬಾಲ್ಯದಲ್ಲಿ ಸಿಟ್ಟಿನಿಂದ ಎಸೆದು ಒಡೆದುಹಾಕಿದ್ದ, ತನ್ನ ತಾಯಿಯದಾದ ಕೊರಳಪದಕವೊಂದುಂಟು. ಅದನ್ನು ಯಾರೋ ಜೋಡಿಸಿ ಕಾಪಾಡಿಟ್ಟಿರುತ್ತಾರೆ. ಅದನ್ನು ಕಂಡು ತಂದುಕೊಟ್ಟಾಗ ಅವನ ಕಂಠವೇ ಬದಲಾಗುತ್ತದೆ. ಇಲ್ಲಿ ಬೆಲೆಯಿರುವುದು ಲೋಹಕ್ಕಲ್ಲ, ಬಿಡಾರದ ಬೆಂಕಿಯ ಬಳಿ ಕುಳಿತು ಅವನ ಕಥೆಯನ್ನು ಕಿವಿಗೊಟ್ಟು ಕೇಳಿದುದಕ್ಕೆ.

ದಂಡೋಪಾಯಕ್ಕೆ ಸ್ಟೆನ್ ಎಂಬ ಪರದೇಶದ ಯೋಧನು ನಿದರ್ಶನ. ಗಾಯಗೊಂಡು ಬಿದ್ದಿದ್ದವನು ಎಚ್ಚತ್ತು, ತನ್ನ ಕತ್ತಿಯು ಕಾಣದಿರಲು ಕಂಗೆಟ್ಟು, ಆಶ್ರಯ ಕೊಟ್ಟಿದ್ದ ರೈತನ ಕುಟುಂಬವನ್ನೇ ಕೊಂದವನು. ಆ ಅಪರಾಧವನ್ನು ಅಲ್ಲಗಳೆಯದೆ, ಪಂಜರದಲ್ಲಿ ಸಾವನ್ನು ಎದುರುನೋಡುತ್ತಿದ್ದ ಅವನನ್ನು ನಾಯಕನು ಬಿಡಿಸಿಕೊಂಡು ಹೋಗಬಹುದು. ಮುಂದೆ ಹೇವನ್ ಎಂಬ ಬೆಟ್ಟದ ಹಳ್ಳಿಯಲ್ಲಿ, ನಾಯಕನ ಮೇಲೆ ಸಾಕಷ್ಟು ನಂಬಿಕೆ ಹುಟ್ಟದಿದ್ದರೆ, ಶತ್ರುವನ್ನು ಬಿಟ್ಟು ಇಲ್ಲಿಗೇಕೆ ಬಂದೆಯೆಂದು ಕೇಳಿ, ಮುಂದಾಳುತನವನ್ನೇ ಕಸಿದುಕೊಳ್ಳಲು ಕಾಳಗಕ್ಕೆ ನಿಲ್ಲುತ್ತಾನೆ. ಸೋಲಿಸಿದರೆ ಹಿಂಬಾಲಿಸುತ್ತಾನೆ. ಆದರೆ ಕಳೆದುಹೋದ ಆ ಕತ್ತಿಯನ್ನು ವಿಚಾರಿಸಿಕೊಂಡು ಹೋಗಿ, ಪತ್ತೆಹಚ್ಚಿ, ಅವನ ಕೈಗೆ ಮರಳಿ ಕೊಟ್ಟಾಗ ಅವನಲ್ಲಿ ಕಾಣುವ ವಿಶ್ವಾಸವೇ ಬೇರೆ. ಕತ್ತಿಯಿಲ್ಲದೆ ಅವನು ತನ್ನ ನಾಡಿಗೆ ಮರಳುವಂತಿರಲಿಲ್ಲ.

ಇಷ್ಟಾಗಿಯೂ ಈ ಯಾವ ಉಪಾಯವೂ ದಾಟಲಾರದ ಒಂದು ಗೆರೆಯುಂಟು. ವಿನ್ ಎಂಬ ವೃದ್ಧೆಯು ಮಂತ್ರವಿದ್ಯೆಯಿಂದ ಗಾಯ ಮಾಯಿಸುವವಳು, ನಾಯಕನಿಗೆ ತಾಯಿಯಂತೆ ಬುದ್ಧಿ ಹೇಳುವವಳು. ಆ ನಾಡಿನವರು ಪೂಜಿಸುವ ಪವಿತ್ರಭಸ್ಮವನ್ನು ನಾಯಕನು ಲಾಭದ ಆಸೆಯಿಂದ ಕೆಡಿಸಿದರೆ, ಎದುರಿಗಿದ್ದ ಅವಳು ಆ ಕ್ಷಣವೇ ಅವನ ಮೇಲೆ ತಿರುಗಿಬೀಳುತ್ತಾಳೆ. ಹಿಂದೆ ಗಳಿಸಿದ ಅಂಕವೆಷ್ಟೆಂದು ನೋಡುವುದಿಲ್ಲ.

ನಮ್ಮ ಮಗನಿಗೆ ಒದಗಿದ್ದೂ ಇದೇ. ಸಾಮಂತರ ಮಹಾಸಭೆಯಲ್ಲಿ ಲೊಗೇನನು ದ್ವಂದ್ವಯುದ್ಧದಲ್ಲಿ ಸೋತು ಕೈಗೆ ಸಿಕ್ಕಿದನು. ವಾರ್ಡನರ ಸಂಖ್ಯೆ ಕಡಿಮೆ, ಇಂಥ ಪರಾಕ್ರಮಿಯನ್ನು ಕೊಲ್ಲುವುದಕ್ಕಿಂತ ಪಂಥಕ್ಕೆ ಸೇರಿಸಿಕೊಂಡರೆ ಯುದ್ಧಕ್ಕೆ ಅನುಕೂಲವೆಂಬ ಸಲಹೆ ಬಂದಿತು. ಮಗನು ಒಪ್ಪಿದನು. ಡಂಕನನನ್ನು ತಂದೆಯಂತೆ ಕಂಡಿದ್ದ ಅಲಿಸ್ಟರನು, ಅವನ ಸಾವಿಗೆ ಕಾರಣನಾದವನಿಗೆ ಅವನದೇ ಪಂಥದ ಗೌರವ ಸಲ್ಲುವುದನ್ನು ಸಹಿಸಲಾರದೆ ಸಂಗಡ ತೊರೆದನು. ನೂರು ಅಂಕವು ಅವನನ್ನು ತಡೆಯಲಿಲ್ಲ.

ಇವೆಲ್ಲ ಯಾರೋ ಮೊದಲೇ ಬರೆದಿಟ್ಟ ಮಾತುಗಳಷ್ಟೆ, ಯಂತ್ರದೊಳಗಿನ ಬೊಂಬೆಗೆ ಗೌರವವೇನು ಅಗೌರವವೇನು ಎಂದು ವಾಚಕರು ಕೇಳಬಹುದು. ಕಾವ್ಯದ ಪಾತ್ರಗಳೂ ಕವಿಯು ಬರೆದ ಮಾತನ್ನೇ ಆಡತಕ್ಕವು. ಆದರೂ ವಿಭೀಷಣನು ಅಣ್ಣನನ್ನು ಬಿಟ್ಟು ಬಂದುದು ಸರಿಯೆ ಎಂದು ನಾವು ತಲೆತಲಾಂತರದಿಂದ ಚರ್ಚಿಸುತ್ತ ಬಂದಿಲ್ಲವೆ? ಕಾವ್ಯದಲ್ಲಿ ಮತ್ತೊಬ್ಬರ ನಡತೆಯನ್ನು ತೂಗುತ್ತೇವೆ. ಈ ಆಟದಲ್ಲಿ ತೂಕಕ್ಕೆ ಸಿಕ್ಕುವವನು ಆಡುವವನೇ.

ಅದೇ ಸಂಸ್ಥೆಯವರು 2011ರಲ್ಲಿ ಹೊರತಂದ ಎರಡನೆಯ ಆಟದಲ್ಲಿ ಈ ವಿಚಾರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಅಲ್ಲಿ ಅಳತೆಯ ಒಂದು ತುದಿ ಸ್ನೇಹ, ಇನ್ನೊಂದು ತುದಿ ಪ್ರತಿಸ್ಪರ್ಧೆ. ನಾಯಕನ ಅಭಿಪ್ರಾಯಗಳನ್ನು ಹೆಜ್ಜೆಹೆಜ್ಜೆಗೂ ವಿರೋಧಿಸುವ ಸಂಗಡಿಗನು ಅವನನ್ನು ಮನಸಾರೆ ಗೌರವಿಸಿ ಜತೆಯಲ್ಲಿಯೇ ಉಳಿಯಬಹುದು. ಇಸಬೆಲಾ ಎಂಬ ನೌಕೆಯ ನಾಯಕಿಯು ಸಂಕಟಕಾಲದಲ್ಲಿ ಓಡಿಹೋಗುತ್ತಾಳೆ. ಅವಳು ಮರಳಿ ಬರಬೇಕಾದರೆ ನಾಯಕನೊಡನೆ ಗಾಢವಾದ ಸ್ನೇಹವಾದರೂ ಗಾಢವಾದ ಪ್ರತಿಸ್ಪರ್ಧೆಯಾದರೂ ಬೆಳೆದಿರಬೇಕು. ಎರಡೂ ಇಲ್ಲದೆ ಮೇಲುಮೇಲಿನ ಸಂಬಂಧ ಇಟ್ಟುಕೊಂಡವನಿಗಾಗಿ ಅವಳು ಮರಳುವುದಿಲ್ಲ.

ಇದನ್ನು ನೋಡುತ್ತಿದ್ದಾಗ ನಮಗೆ ಹಳೆಯ ಸಂಗತಿಯೊಂದು ನೆನಪಾಗಿ ಮನಸ್ಸು ಕಸಿವಿಸಿಗೊಂಡಿತು. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯೊಂದರಲ್ಲಿ ತರುಣ ಉಪಾಧ್ಯಾಯರೊಬ್ಬರಿದ್ದರು. ಅವರಿಗೆ ಓದಲು ಪುಸ್ತಕ ಕೊಟ್ಟಿದ್ದೆವು. ಹಬ್ಬಹುಣ್ಣಿಮೆಗೆ ಮನೆಗೆ ಕರೆದು ಊಟಕ್ಕೆ ಬಡಿಸಿದ್ದೆವು. ಒಂದು ವರ್ಷ ಅನುಕೂಲಸ್ಥರೊಬ್ಬರ ಮಗನು ಪರೀಕ್ಷೆಯಲ್ಲಿ ನಕಲು ಮಾಡಿ ಇವರ ಕೈಗೆ ಸಿಕ್ಕಿಬಿದ್ದನು. ಆ ಗೃಹಸ್ಥರಿಂದ ಶಾಲೆಗೆ ಎರಡು ಕೊಠಡಿಗಳು ಆಗಬೇಕಾಗಿದ್ದವು. ನಾವು ವಿಷಯವನ್ನು ಅಲ್ಲಿಗೇ ಮುಚ್ಚಿದೆವು. ತರುಣರು ನಮ್ಮ ಕೊಠಡಿಗೆ ಬಂದು, "ಸ್ವಾಮಿ, ಇದು ನನಗೆ ಸಮ್ಮತವಿಲ್ಲ" ಎಂದಷ್ಟೇ ಹೇಳಿ, ಆ ವರ್ಷವೇ ವರ್ಗ ಮಾಡಿಸಿಕೊಂಡು ಹೋದರು. ಅನ್ನ ಉಂಡ ಮನೆಯನ್ನು ಮರೆತವನೆಂದು ನಾವು ಅವರನ್ನು ಹಲವರ ಮುಂದೆ ಹಳಿದೆವು.

ಈಗ ತೋರುವುದೇನೆಂದರೆ, ಅಂದು ನಮ್ಮನ್ನು ನಿಜವಾಗಿ ಗೌರವಿಸಿದ್ದವರು ಅವರೊಬ್ಬರೇ. ಉಳಿದ ಉಪಾಧ್ಯಾಯರು ನಮ್ಮಿಂದ ಬೇರೇನನ್ನೂ ನಿರೀಕ್ಷಿಸಿರಲಿಲ್ಲವಾದ್ದರಿಂದ ಅವರಿಗೆ ಆಶಾಭಂಗವೂ ಆಗಲಿಲ್ಲ. ನಾವು ಕೊಟ್ಟ ಊಟ, ಪುಸ್ತಕಗಳನ್ನು ಸಾಲವೆಂದು ಎಣಿಸಿ, ಅವರ ಮೌನವನ್ನು ಬಡ್ಡಿಯಾಗಿ ಕೇಳಿದೆವು. ಮನೆಯಲ್ಲಿ ಮಕ್ಕಳ ವಿಷಯದಲ್ಲಿಯೂ ನಾವು ಹಿರಿಯರು ಹೀಗೆ ಮಾಡುವುದುಂಟು. ಬಟ್ಟೆಬರೆ, ಫೀಜು, ಫೋನುಗಳ ಲೆಕ್ಕವನ್ನು ಮುಂದಿಟ್ಟು ಗೌರವವನ್ನು ವಸೂಲು ಮಾಡಲು ಹೋಗುತ್ತೇವೆ. ಮಕ್ಕಳು ನೋಡುತ್ತಿರುವುದು ಬೇರೆ: ಕಷ್ಟದ ಸಮಯದಲ್ಲಿ ಈ ಮನುಷ್ಯನು ತಾನು ಹೇಳಿಕೊಟ್ಟ ಮಾತಿನಂತೆ ನಡೆದನೆ, ಇಲ್ಲವೆ.

ಮರುದಿನ ಮಗನು, ಆಟದಲ್ಲಿ ಹಿಂದೆ ಉಳಿಸಿಟ್ಟಿದ್ದ ಘಟ್ಟಕ್ಕೆ ಮರಳಿ, ಲೊಗೇನನ ವಿಷಯದಲ್ಲಿ ಬೇರೆ ತೀರ್ಪನ್ನು ಕೊಟ್ಟನು. "ಅಪ್ಪಾ, ಈ ಸಲ ಅಲಿಸ್ಟರ್ ಇದ್ದಾನೆ" ಎಂದು ನಮ್ಮನ್ನು ಕರೆದು ತೋರಿಸಿದನು. ನಮಗೆ ಅಂಥ ಅನುಕೂಲವಿಲ್ಲ. ಆ ಉಪಾಧ್ಯಾಯರ ಈಗಿನ ವಿಳಾಸವನ್ನು ಹಳೆಯ ಸ್ನೇಹಿತರಿಂದ ತಿಳಿದುಕೊಂಡು, ಒಂದು ಕಾಗದವನ್ನು ಬರೆದು ಹಾಕಿದ್ದೇವೆ. ಅದರಲ್ಲಿ ಹಬ್ಬದ ಊಟದ ಪ್ರಸ್ತಾಪವನ್ನು ಮಾಡಿಲ್ಲ.