ಮೂಗಿನ ಮೇಲೊಂದು ಅಕ್ಷರ

ಚೀನೀ ಲಿಪಿಯಲ್ಲಿ ‘ತಾನು’, ‘ಸ್ವಂತ’ ಎಂಬ ಅರ್ಥಕ್ಕೆ ‘ಜ಼ಿ’ ಎಂಬ ಅಕ್ಷರವಿದೆ. ಎತ್ತರದ ಚೌಕಟ್ಟು, ಒಳಗೆ ಎರಡು ಅಡ್ಡಗೆರೆ, ನೆತ್ತಿಯ ಮೇಲೆ ಎಡಕ್ಕೆ ಇಳಿಯುವ ಚಿಕ್ಕ ಗೀಟು. ಮೂರು ಸಾವಿರ ವರ್ಷಗಳ ಹಿಂದೆ ಇದು ಮೂಗಿನ ಚಿತ್ರವಾಗಿತ್ತು.

ಆ ಚಿತ್ರ ಕಾಣಸಿಗುವುದು ಶಾಂಗ್ ಅರಸರ ಕೊನೆಯ ರಾಜಧಾನಿಯಿದ್ದ ಆನ್‌ಯಾಂಗ್‌ನ ಮೂಳೆಗಳ ಮೇಲೆ. ಎತ್ತಿನ ಹೆಗಲಮೂಳೆಯನ್ನೋ ಆಮೆಯ ಹೊಟ್ಟೆಯ ಚಿಪ್ಪನ್ನೋ ಕೆರೆದು ನುಣುಪು ಮಾಡಿ, ಹಿಂಬದಿಯಲ್ಲಿ ಸಾಲಾಗಿ ಗುಳಿ ತೋಡುತ್ತಿದ್ದರು. ಗುಳಿಗೆ ಕಾವು ಕೊಟ್ಟರೆ ಮುಂಬದಿ ಬಿರುಕು ಬಿಡುತ್ತಿತ್ತು, ಅದೇ ಶಕುನ. ಮಳೆ, ಬೆಳೆ, ಯುದ್ಧ, ಕಾಯಿಲೆ, ಯಾವುದರ ಬಗ್ಗೆ ಕೇಳಿದರೋ ಆ ಪ್ರಶ್ನೆಯನ್ನು ಬಿರುಕಿನ ಪಕ್ಕದಲ್ಲೇ ಕೊರೆದಿಡುತ್ತಿದ್ದರು. ಮೂಗಿನ ಬೇನೆಯ ಪ್ರಶ್ನೆಯೂ ಅವುಗಳಲ್ಲಿದೆ. ಅಲ್ಲಿ ಮೂಗಿಗೆ ಬಳಸಿರುವುದು ಇದೇ ಅಕ್ಷರ.

ಗಟ್ಟಿ ಮೂಳೆಯಲ್ಲಿ ಅಲಗನ್ನು ದುಂಡಗೆ ತಿರುಗಿಸುವುದು ಕಷ್ಟ. ಅದಕ್ಕೇ ಕೊರೆಯುವವನು ಬಾಗನ್ನೆಲ್ಲ ತುಂಡು ಗೆರೆಗಳಾಗಿ ಒಡೆದುಕೊಳ್ಳುತ್ತಿದ್ದ. ಆದರೂ ಮೂಗಿನ ಏಣು, ಎರಡು ಬದಿಗೆ ಅರಳಿದ ಹೊಳ್ಳೆಗಳು ಗುರುತು ಸಿಗುತ್ತವೆ. ಹಲವು ಅಕ್ಷರಗಳು ಬೆರಳಿನ ಉಗುರಿಗಿಂತ ಚಿಕ್ಕವು ಎಂಬುದನ್ನು ನೆನೆದರೆ ಆ ಕೈಯ ಹಿಡಿತ ಎಂಥದ್ದೆಂದು ತಿಳಿಯುತ್ತದೆ.

ಅದೇ ಮೂಳೆಗಳಲ್ಲಿ ಈ ಅಕ್ಷರ ‘ತಾನೇ’ ಎಂಬ ಅರ್ಥದಲ್ಲೂ ಬಂದಿದೆ. ಚೀನಾದಲ್ಲೂ ಜಪಾನಿನಲ್ಲೂ ‘ನಾನು’ ಎನ್ನುವಾಗ ಮೂಗಿನತ್ತ ಬೆರಳು ಮಾಡುವುದುಂಟು. ಅರ್ಥ ಬೆಳೆದದ್ದು ಹೀಗೆ ಎನ್ನುತ್ತಾರೆ ಹಲವರು. ಕ್ರಿ.ಶ. 100ರಲ್ಲಿ ತನ್ನ ನಿಘಂಟನ್ನು ಮುಗಿಸಿದ ಶು ಶೆನ್ ಮಾತ್ರ ಈ ಅಕ್ಷರಕ್ಕೆ ಮೂಗು ಎಂದೇ ಅರ್ಥ ಬರೆದ.

ಜೋಡಕ್ಷರಗಳಲ್ಲಿ ಹಳೆಯ ಮೂಗು ಇಂದಿಗೂ ಇದೆ. ಅದರ ಕೆಳಗೆ ನಾಯಿಯನ್ನು ಬರೆದರೆ ವಾಸನೆ, ಹೃದಯವನ್ನು ಬರೆದರೆ ಉಸಿರು. ಈ ಎರಡರ ಚೆಲುವಿಗೆ ನಾನಂತೂ ಸೋತಿದ್ದೇನೆ.

ಬಿಡಿಯಾಗಿ ಬರುವ ಮೂಗಿಗೆ ಮಾತ್ರ ಹೊಸ ಅಕ್ಷರವೇ ಬೇಕಾಯಿತು. ಹಳೆಯದರ ಕೆಳಗೆ ‘ಬಿ’ ಎಂದು ಓದುವ, ‘ಕೊಡು’ ಎಂಬ ಅರ್ಥದ ಇನ್ನೊಂದನ್ನು ಸೇರಿಸಿದರು. ಇಲ್ಲಿ ಅದರ ಅರ್ಥಕ್ಕೆ ಕೆಲಸವಿಲ್ಲ; ಮೂಗನ್ನು ‘ಬೀ’ ಎನ್ನಬೇಕೆಂದು ಉಚ್ಚಾರ ಸೂಚಿಸುವುದಷ್ಟೇ ಅದರ ಪಾಲು. ಮೇಲಿನದರ 6 ಗೀಟು, ಕೆಳಗಿನದರ 8, ಒಟ್ಟು 14. ಇಷ್ಟೂ ಒಂದೇ ಚೌಕದಲ್ಲಿ ಹಿಡಿಯಬೇಕು. ಕುಂಚ ಹಿಡಿದವರು ಮೇಲಿನ ಮೂಗನ್ನು ಒತ್ತಿ ಗಿಡ್ಡ ಮಾಡುತ್ತಾರೆ, ನಡುವಿನ ನಾಲ್ಕು ಕೋಣೆಯ ಚೌಕವನ್ನು ತುಸು ಅಗಲಕ್ಕೆ ಬಿಡುತ್ತಾರೆ. ಅದರಡಿಯ ಅಡ್ಡಗೆರೆಯನ್ನು ಎಲ್ಲಕ್ಕಿಂತ ಉದ್ದ ಎಳೆದರೇನೇ ಮೇಲಿನ ಭಾರಕ್ಕೆ ಆಧಾರ. ಆಮೇಲೆ ಎಡಗಾಲು ಓರೆಯಾಗಿ, ಬಲಗಾಲು ನೆಟ್ಟಗೆ.